ಸೌನಾಗೆ ಬರ್ಚ್ ಸೊಪ್ಪಿನ ಕಟ್ಟು: ವಿಹ್ತಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಫಿನ್ಲೆಂಡಿಗೆ ಬಂದು ಹನ್ನೊಂದು ಬೇಸಿಗೆ ಆಯಿತು. ಜೂನ್ ಬಂತೆಂದರೆ ನನಗೆ ಫೋನ್ ಶುರುವಾಗುತ್ತದೆ. ಎಸ್ಪೋದಲ್ಲಿರುವ ಗೆಳೆಯರು, ಹೊಸದಾಗಿ ಬಂದ ಆಫೀಸಿನ ಹುಡುಗರು, ಊರಿನಿಂದ ಅಕ್ಕ. ಎಲ್ಲರದ್ದೂ ಒಂದೇ ಮಾತು, ಆ ಸೊಪ್ಪಿನ ಕಟ್ಟಿನ ವಿಷಯ. ಹೇಳಿದ್ದನ್ನೇ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ನನಗೆ ಕಲಿಸಿದ್ದು ತಾಂಪೆರೆಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜ. ಅವರು ಮಾತಾಡುವುದು ಕಡಿಮೆ. ಅದಕ್ಕೇ ಅರ್ಧ ವಿದ್ಯೆಯನ್ನು ನೋಡಿ ಕಲಿತೆ, ಉಳಿದರ್ಧ ಕೆಡಿಸಿ ಕಲಿತೆ.

## ಮೊದಮೊದಲ ಪ್ರಶ್ನೆಗಳು

ಸೊಪ್ಪಿನಿಂದ ಹೊಡ್ಕೊಳ್ತಾರಂತೆ, ನಿಜಾನಾ? ನೋವಾಗಲ್ವಾ?

ನಿಜ. ಆದರೆ "ಹೊಡೆಯುವುದು" ಅನ್ನೋ ಮಾತು ಸ್ವಲ್ಪ ದಾರಿ ತಪ್ಪಿಸುತ್ತದೆ. ಎಲೆ ತುಂಬಿದ ಬರ್ಚ್ ಟೊಂಗೆಗಳ ಕಟ್ಟನ್ನು ನೀರಲ್ಲಿ ಅದ್ದಿ, ಸೌನಾದಲ್ಲಿ, ಅಂದರೆ ಒಲೆ ಕಾಯಿಸಿ ಬೆವರು ಸುರಿಯುವಷ್ಟು ಬಿಸಿ ಮಾಡಿದ ಕೋಣೆಯಲ್ಲಿ ಕೂತು, ಬೆನ್ನು, ಭುಜ, ಕಾಲಿಗೆ ಮೆಲ್ಲಗೆ ತಟ್ಟಿಕೊಳ್ಳುತ್ತಾರೆ. ಮೈಗೆ ತಾಗುವುದು ಕಡ್ಡಿಯಲ್ಲ, ಒದ್ದೆ ಎಲೆ. ಎಲೆಯ ಜತೆ ಬಿಸಿ ಗಾಳಿಯೂ ಮೈಮೇಲೆ ಬಂದು ಬೀಳುತ್ತದೆ. ಚರ್ಮ ಕೆಂಪಾಗುತ್ತದೆ, ರಕ್ತ ಓಡಾಡಿದಂತೆ ಅನಿಸುತ್ತದೆ, ಸೊಳ್ಳೆ ಕಚ್ಚಿದ ಕಡೆ ತುರಿಕೆ ತಣಿಯುತ್ತದೆ. ಇಲ್ಲಿನ ಬೇಸಿಗೆಯ ಸೊಳ್ಳೆ ಕಂಡವರಿಗೆ ಈ ಕೊನೆಯ ಮಾತಿನ ಬೆಲೆ ಗೊತ್ತು.

ಒಮ್ಮೆ ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ಕಟ್ಟು ತೋರಿಸಿ ಹೀಗೆ ತಟ್ಟಿಕೊಳ್ಳುತ್ತೇವೆ ಅಂದೆ. "ಬೇವಿನ ಸೊಪ್ಪಲ್ಲಿ ದೆವ್ವ ಬಿಡಿಸಿದ ಹಾಗೆ ಆಯ್ತಲ್ಲೋ" ಅಂದರು. ನೋವಾದರೆ ಎರಡೇ ಕಾರಣ: ಕಟ್ಟಿನಲ್ಲಿ ದಪ್ಪ ಕಡ್ಡಿ ಸೇರಿದೆ, ಅಥವಾ ಎಲೆ ಉದುರಿ ಬರೀ ಕಡ್ಡಿ ಉಳಿದಿದೆ. ಎಲೆ ಉದುರದ ಹಾಗೆ ಕಟ್ಟುವುದೇ ಇಡೀ ವಿದ್ಯೆ. ಕೆಳಗೆ ಬರುವ ಅರ್ಧಕ್ಕರ್ಧ ಉತ್ತರ ಅದರ ಸುತ್ತಲೇ ಸುತ್ತುತ್ತದೆ.

ವಿಹ್ತಾನೋ, ವಸ್ತಾನೋ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಎರಡೂ ಒಂದೇ ವಸ್ತು. ಪಶ್ಚಿಮ ಫಿನ್ಲೆಂಡಿನವರು ವಿಹ್ತಾ ಅನ್ನುತ್ತಾರೆ, ಪೂರ್ವದ ಸಾವೋ, ಕರೇಲಿಯಾ ಕಡೆಯವರು ವಸ್ತಾ ಅನ್ನುತ್ತಾರೆ. ತಾಂಪೆರೆ ವಿಹ್ತಾ ಸೀಮೆ. ಕುಓಪಿಯೋಗೆ ಹೋಗಿ ವಿಹ್ತಾ ಅಂದರೆ ತಮಾಷೆ ಮಾಡುತ್ತಾರೆ. ನಮ್ಮಲ್ಲಿ ಕಡ್ಡಿಪೊರಕೆಗೆ ಕರಾವಳಿಯವರು ಹಿಡಿಸೂಡಿ ಅನ್ನುವುದಿಲ್ಲವಾ, ಹಾಗೇ. ಇದರ ಮೇಲೆ ನಡೆಯುವ ಜಗಳ ಅರ್ಧ ತಮಾಷೆ, ಅರ್ಧ ನಿಜ. ಹೊರಗಿನವರು ಬಾಯಿ ಹಾಕದೆ, ಯಾರ ಸೌನಾದಲ್ಲಿ ಕೂತಿದ್ದೀರೋ ಅವರ ಮಾತನ್ನೇ ಬಳಸುವುದು ಕ್ಷೇಮ. ನಾನಿರುವುದು ತಾಂಪೆರೆಯಲ್ಲಿ, ಆದ್ದರಿಂದ ಇಲ್ಲಿ ವಿಹ್ತಾ ಅಂತಲೇ ಬರೆಯುತ್ತೇನೆ.

ಮಾರ್ಕೆಟ್ಟಲ್ಲಿ ಸಿಗುತ್ತಲ್ಲ, ನಾವ್ಯಾಕೆ ಕಟ್ಟಬೇಕು?

ಕಟ್ಟಲೇಬೇಕು ಅಂತೇನಿಲ್ಲ. ಬೇಸಿಗೆಯಲ್ಲಿ ಸಂತೆಯಲ್ಲಿ ಹಸಿಯದು ಸಿಗುತ್ತದೆ, ಅಂಗಡಿಯ ಫ್ರೀಜರಿನಲ್ಲೂ ಸಿಗುತ್ತದೆ. ಆದರೆ ಈಗಷ್ಟೇ ಕೊಯ್ದು ಕಟ್ಟಿದ್ದರ ವಾಸನೆಯೇ ಬೇರೆ. ಮೇಲಾಗಿ ಕೈ ಪಳಗಿದವರಿಗೆ ಒಂದು ಕಟ್ಟಲು ಹತ್ತು ನಿಮಿಷ ಸಾಕು.

ಇಲ್ಲಿ ಕಾಡು ಎಲ್ಲರದ್ದೂ ಅಂತಾರಲ್ಲ, ಎಲ್ಲಿ ಬೇಕಾದ್ರೂ ಟೊಂಗೆ ಕೊಯ್ಯಬಹುದಾ?

ಇಲ್ಲ. ಹೊಸಬರು ಮುಗ್ಗರಿಸುವುದೇ ಇಲ್ಲಿ. ಫಿನ್ಲೆಂಡಿನಲ್ಲಿ ಯಾರದೇ ಕಾಡಾದರೂ ನಡೆದಾಡಬಹುದು, ಬ್ಲೂಬೆರಿ, ಅಣಬೆ ಆಯಬಹುದು. ಅದು ಎಲ್ಲರ ಹಕ್ಕು. ಆದರೆ ಜೀವಂತ ಮರದ ಟೊಂಗೆ ಮುರಿಯುವುದು ಆ ಹಕ್ಕಿನಲ್ಲಿ ಬರುವುದಿಲ್ಲ. ಅದಕ್ಕೆ ಜಾಗದ ಒಡೆಯರ ಒಪ್ಪಿಗೆ ಬೇಕು. ಸಿಟಿಯ ಪಾರ್ಕಿನ ಮರಕ್ಕೂ ಒಡೆಯರಿದ್ದಾರೆ, ಅದು ಊರಾಡಳಿತ. ಬಾಡಿಗೆ ಕಾಟೇಜಿನ ಅಂಗಳದ ಮರವೂ ನಿಮ್ಮದಲ್ಲ.

ಕೇಳಿದರೆ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ. ಕಾಡಿನವರು ಎಳೆ ಬರ್ಚ್‌ಗಳನ್ನು ಹೇಗಿದ್ದರೂ ಆಗಾಗ ತೆಳುಗೊಳಿಸುತ್ತಾರೆ. ಕಡಿದು ಬೀಳಿಸಲಿರುವ ಮರದಿಂದಲೇ ಕೊಯ್ದುಕೋ ಅಂತ ಸಂತೋಷವಾಗಿ ತೋರಿಸುತ್ತಾರೆ. ನಾನು ಮೊದಲ ಸಲ ಕೇಳಲು ಹಿಂಜರಿದು ಒಂದು ವಾರ ತಡ ಮಾಡಿದೆ. ಕೇಳಿದ ಮೇಲೆ ಅಜ್ಜ ಹೇಳಿದ್ದು ಒಂದೇ ಮಾತು: "ಕೆಳಗಿನದ್ದು ತಗೋ."

## ಮರ ಮತ್ತು ಕಾಲ

ಬರ್ಚ್‌ನಲ್ಲಿ ಎರಡು ಥರ ಇದೆಯಂತೆ. ನನಗೆ ಎಲ್ಲಾ ಒಂದೇ ಬಿಳಿ ಮರ. ಗುರುತು ಹಿಡಿಯೋದು ಹೇಗೆ?

ಬರ್ಚ್‌ಗೆ ಇವರ ಭಾಷೆಯಲ್ಲಿ ಕೊಯ್ವು ಅನ್ನುತ್ತಾರೆ. ಕೊಯ್ವು ಕೊಯ್ಯುವುದು ಅಂತ ನಾವು ಮನೆಯಲ್ಲಿ ನಗುತ್ತೇವೆ. ವಿಹ್ತಾಗೆ ಬೇಕಾದವು ಎರಡು: ರೌದುಸ್‌ಕೊಯ್ವು ಮತ್ತು ಹಿಯೆಸ್‌ಕೊಯ್ವು. ಮೊದಲನೆಯದು 1988ರಿಂದ ಫಿನ್ಲೆಂಡಿನ ರಾಷ್ಟ್ರೀಯ ಮರ.

ತೊಗಟೆ ನೋಡಬೇಡಿ, ಎಳೆ ಕಡ್ಡಿಯನ್ನು ಬೆರಳಲ್ಲಿ ಸವರಿ. ರೌದುಸ್‌ನ ಎಳೆ ಕಡ್ಡಿ ಒರಟು. ಮೈಮೇಲೆ ಸಣ್ಣ ಸಣ್ಣ ಅಂಟಿನ ಗುಳ್ಳೆಗಳಿರುತ್ತವೆ, ಸಾಸಿವೆ ಅಂಟಿಸಿದ ಹಾಗೆ ಕೈಗೆ ಸಿಗುತ್ತವೆ. ಹಿಯೆಸ್‌ನದ್ದು ಮೆತ್ತಗೆ, ನವಿರಾದ ರೋಮ ಇರುತ್ತದೆ. ಆಮೇಲೆ ಎಲೆ. ರೌದುಸ್ ಎಲೆ ಮೂರು ಮೂಲೆಯದು, ತುದಿ ಚೂಪು, ಅಂಚಿನ ದೊಡ್ಡ ಹಲ್ಲಿನ ಮೇಲೆ ಮತ್ತೆ ಸಣ್ಣ ಹಲ್ಲು. ಹಿಯೆಸ್ ಎಲೆ ದುಂಡಗೆ, ಒಂದೇ ಅಳತೆಯ ಹಲ್ಲು. ದೊಡ್ಡ ರೌದುಸ್ ಮರದ ಟೊಂಗೆಗಳು ಜೋತುಬೀಳುತ್ತವೆ. ಹಿಯೆಸ್‌ಗೆ ಜೌಗು ನೆಲ ಇಷ್ಟ.

ಹೆಚ್ಚಿನವರು ರೌದುಸ್ ಕಡೆ. ಅದರ ಎಲೆ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ, ಟೊಂಗೆ ಬಳುಕುತ್ತದೆ. ಹಿಯೆಸ್ ಎಲೆ ಮೈಗೆ ಮೆತ್ತಗೆ ಅನ್ನುವವರೂ ಇದ್ದಾರೆ. ನಾನು ರೌದುಸ್ ಪಕ್ಷ. ಸಿಗದಿದ್ದರೆ ಹಿಯೆಸ್ ಬಿಟ್ಟು ಬರುವುದೂ ಇಲ್ಲ.

ಮೇ ತಿಂಗಳಲ್ಲೇ ಎಲೆ ಬಂದಿರುತ್ತಲ್ಲ, ಆಗಲೇ ಯಾಕೆ ಕೊಯ್ಯಬಾರದು?

ಮೇ ಎಲೆ ನೋಡಲು ಚೆಂದ, ಕೈಯಲ್ಲಿ ನಿಲ್ಲುವುದಿಲ್ಲ. ಆಗ ಎಲೆ ಎಳೆಯದು, ಅಂಟಂಟು, ತೊಟ್ಟು ಬಲಿತಿರುವುದಿಲ್ಲ. ಬಿಸಿಗೆ ಹಿಡಿದರೆ ಮುದ್ದೆಯಾಗುತ್ತದೆ. ಹಿರಿಯರ ಲೆಕ್ಕ ಯುಹನ್ನುಸ್‌ನಿಂದ ಶುರು. ಯುಹನ್ನುಸ್ ಅಂದರೆ ನಡುಬೇಸಿಗೆಯ ಹಬ್ಬ, ಜೂನ್ 20ರಿಂದ 26ರೊಳಗೆ ಬರುವ ಶನಿವಾರ. ರಾತ್ರಿ ಹನ್ನೊಂದಕ್ಕೂ ಬೆಳಕಿರುತ್ತದೆ, ಊರೆಲ್ಲ ಸೌನಾ ಹೊಗೆ. ಆವತ್ತು ತಾಜಾ ವಿಹ್ತಾ ಇಲ್ಲದಿದ್ದರೆ ನಮ್ಮಲ್ಲಿ ಯುಗಾದಿಗೆ ಬೇವು ಇಲ್ಲದ ಹಾಗೆ.

ಆವತ್ತೇ ಬಳಸುವುದಕ್ಕೆ ಹಬ್ಬದ ಹೊತ್ತಿನ ಎಲೆ ಸರಿ. ಚಳಿಗಾಲಕ್ಕೆ ಎತ್ತಿಡುವುದಾದರೆ ಇನ್ನೂ ಒಂದೆರಡು ವಾರ ಬಿಟ್ಟು, ಜುಲೈ ಮೊದಲ ಭಾಗದಲ್ಲಿ ಕೊಯ್ಯಿರಿ. ಲ್ಯಾಪ್‌ಲ್ಯಾಂಡಿನ ಕಡೆ ಎಲ್ಲವೂ ತಡ. ಆಗಸ್ಟಿಗೆ ಬಿಡಬೇಡಿ. ಬೇಸಿಗೆ ಕೊನೆಗೆ ಎಲೆಯ ಹಿಂಬದಿಗೆ ತುಕ್ಕುರೋಗ ಬರುತ್ತದೆ. ಕಿತ್ತಳೆ ಬಣ್ಣದ ಪುಡಿ ಮೈಗೂ ಟವೆಲ್ಲಿಗೂ ಹತ್ತುತ್ತದೆ. ಕೊಯ್ಯುವ ಮುಂಚೆ ಒಂದು ಎಲೆ ಮಗುಚಿ ನೋಡಿ. ಅಂಟಂಟಾಗಿ ಹೊಳೆಯುತ್ತಿದ್ದರೆ ಸಸ್ಯಹೇನು ಇದ್ದ ಮರ, ಮುಂದಿನ ಮರಕ್ಕೆ ಹೋಗಿ.

ಒಣಗಿಸಲು ಕೊಯ್ಯುವವರು ಮಳೆ ನಿಂತ ಒಣ ದಿನ ನೋಡಿಕೊಳ್ಳಬೇಕು. ಅವತ್ತಿನ ಸೌನಾಗೇ ಆದರೆ ಮಳೆ ಬಂದರೂ ಸೈ.

ಬರ್ಚ್ ಬಿಟ್ಟು ಬೇರೆ ಯಾವ ಮರ ಆಗುತ್ತೆ?

ಹಳೆಯ ಕಾಲದಲ್ಲಿ ಹತ್ತಿರ ಏನು ಬೆಳೆದಿತ್ತೋ ಅದರಲ್ಲೇ ಕಟ್ಟುತ್ತಿದ್ದರು. ಪಿಹ್ಲಯ ಅನ್ನುವ ರೋವನ್, ಲೆಪ್ಪ ಅನ್ನುವ ಆಲ್ಡರ್, ಮೇಪಲ್, ಲಿಂಡನ್, ಎಲ್ಲ ನಡೆಯುತ್ತದೆ. ರಷ್ಯಾದವರೂ ಇಂಥದ್ದೇ ಕಟ್ಟು ಬಳಸುತ್ತಾರೆ, ಹೆಸರು ವೇನಿಕ್. ಅದಕ್ಕೆ ಅವರಿಗೆ ಓಕ್ ಬಲು ಇಷ್ಟ. ಫಿನ್ಲೆಂಡಿನಲ್ಲಿ ಓಕ್ ತಾನಾಗಿ ಬೆಳೆಯುವುದು ತೆಂಕಣ ಕರಾವಳಿಯ ಅಂಚಿನಲ್ಲಿ ಮಾತ್ರ.

ಕತಾಯ, ಅಂದರೆ ಜುನಿಪರ್, ಬೇರೆಯೇ ಲೋಕ. ಅದಕ್ಕೆ ಎಲೆಯಲ್ಲ, ಮುಳ್ಳು. ಬಿಸಿ ನೀರಲ್ಲಿ ಚೆನ್ನಾಗಿ ನೆನೆಸಿ ಮೆತ್ತಗೆ ಮಾಡಿದ ಮೇಲೂ ಚುಚ್ಚುತ್ತದೆ. ಪರಿಮಳ ಮಾತ್ರ ಅದ್ಭುತ. ಮೊದಲನೇ ಸಲಕ್ಕೆ ಬೇಡ. ಬೇಕಾದರೆ ಬರ್ಚ್ ಕಟ್ಟಿನ ನಡುವೆ ಒಂದು ಸಣ್ಣ ರೆಂಬೆ ಅಡಗಿಸಿ, ವಾಸನೆ ಬರುತ್ತದೆ, ಮೈಗೆ ತಾಗುವುದಿಲ್ಲ. ಕಪ್ಪು ಕರಂಟ್ ಗಿಡದ ಒಂದೆರಡು ರೆಂಬೆ, ಪುದೀನ ಸೇರಿಸುವವರೂ ಇದ್ದಾರೆ.

ಚೆಂದ ಕಾಣುತ್ತದೆ ಅಂತ ಸಿಕ್ಕಿದ ಹೂವನ್ನೆಲ್ಲ ಸಿಕ್ಕಿಸಬೇಡಿ. ಕಿಯೆಲೊ ಇಲ್ಲಿನ ರಾಷ್ಟ್ರೀಯ ಹೂವು, ಬಿಳಿ ಗಂಟೆಯಂಥದ್ದು. ಅದು ವಿಷ. ದಾರಿ ಬದಿಯಲ್ಲಿ ಆಳೆತ್ತರ ಬೆಳೆಯುವ ಕೊಡೆಯಂಥ ಬಿಳಿ ಹೂವಿನ ಯೆತ್ತಿಪುತ್ಕಿಯನ್ನಂತೂ ಮುಟ್ಟಲೇಬೇಡಿ. ಅದರ ರಸ ಮೈಗೆ ಹತ್ತಿ ಬಿಸಿಲು ಬಿದ್ದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ.

## ಕಟ್ಟುವುದು

ಎಷ್ಟು ಉದ್ದ? ಎಷ್ಟು ಟೊಂಗೆ ಬೇಕು?

ನಮ್ಮ ಮೊಳದ ಅಳತೆ ಇಲ್ಲಿ ಸರಿಯಾಗಿ ಕೂರುತ್ತದೆ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ, ಮೇಲೆ ನಾಲ್ಕು ಬೆರಳು. ಸುಮಾರು 50 ಸೆಂಟಿಮೀಟರ್. ಮಕ್ಕಳಿಗೆ ಇನ್ನೂ ಚಿಕ್ಕದು. ಟೊಂಗೆ ಎಣಿಸಲು ಹೋಗಬೇಡಿ. ಹದಿನೈದರಿಂದ ಇಪ್ಪತ್ತೈದು ಆಗುತ್ತದೆ, ಎಲೆ ಎಷ್ಟು ದಟ್ಟ ಅನ್ನುವುದರ ಮೇಲೆ. ಹಿಡಿ ನಿಮ್ಮ ಮುಷ್ಟಿಯಲ್ಲಿ ಸಲೀಸಾಗಿ ಹಿಡಿಸಬೇಕು. ಹೆಬ್ಬೆರಳು, ತೋರುಬೆರಳು ಒಂದಕ್ಕೊಂದು ತಾಗದಿದ್ದರೆ ಜಾಸ್ತಿಯಾಯಿತು ಅಂತ ಲೆಕ್ಕ. ಅಂಥದ್ದು ನೆನೆದ ಮೇಲೆ ಎತ್ತಲು ಭಾರ, ಎರಡು ನಿಮಿಷಕ್ಕೆ ಕೈ ಸೋಲುತ್ತದೆ.

ಟೊಂಗೆ ಜೋಡಿಸೋದಕ್ಕೆ ಏನಾದ್ರೂ ಕ್ರಮ ಇದೆಯಾ? ಸುಮ್ನೆ ಒಟ್ಟು ಮಾಡಿ ಕಟ್ಟಿದ್ರೆ ಸಾಲದಾ?

ಸುಮ್ನೆ ಕಟ್ಟಿದರೆ ಪೊರಕೆ ಆಗುತ್ತದೆ. ವಿಹ್ತಾ ಬೀಸಣಿಗೆಯ ಹಾಗೆ ಸ್ವಲ್ಪ ಚಪ್ಪಟೆಯಾಗಿರಬೇಕು.

ಮೊದಲು ಪ್ರತಿ ಟೊಂಗೆಯ ಬುಡದಿಂದ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಉದ್ದಕ್ಕೆ ಎಲೆ, ಅಡ್ಡ ಕಡ್ಡಿ ಕಿತ್ತು ಬರಿದು ಮಾಡಿ. ಅದು ಹಿಡಿ. ಕಿತ್ತ ಎಲೆಯನ್ನು ಎಸೆಯಬೇಡಿ, ಒಂದು ಹಿಡಿಯಷ್ಟನ್ನು ಸೌನಾದ ನೀರಿನ ಬಕೆಟ್ಟಿಗೆ ಹಾಕಿದರೆ ಪರಿಮಳ. ಟೊಂಗೆಯ ಕಡ್ಡಿ ಪೆನ್ಸಿಲ್‌ಗಿಂತ ದಪ್ಪ ಇದ್ದರೆ ಅದನ್ನು ತೆಗೆದಿಡಿ.

ಈಗ ಒಂದು ಟೊಂಗೆ ಎತ್ತಿ ಬೆಳಕಿಗೆ ಹಿಡಿಯಿರಿ. ಎಲೆಯ ಒಂದು ಮೈ ಹೊಳೆಯುತ್ತದೆ, ಇನ್ನೊಂದು ಮಂಕು. ಗಟ್ಟಿಮುಟ್ಟಾದ, ನೇರವಾದ ಟೊಂಗೆಗಳನ್ನು ನಡುವೆ ಇಡಿ. ಅದರ ಎರಡೂ ಬದಿಗೆ ಸಣ್ಣವನ್ನು ಒಂದೊಂದಾಗಿ ಸೇರಿಸುತ್ತಾ ಹೋಗಿ. ಎರಡೂ ಕಡೆ ಹೊಳೆಯುವ ಮೈ ಹೊರಕ್ಕೆ, ಮಂಕು ಮೈ ಒಳಕ್ಕೆ ಬರಬೇಕು. ಟೊಂಗೆಗೆ ತನ್ನದೇ ಬಾಗು ಇರುತ್ತದೆ. ಆ ಬಾಗು ಒಳಮುಖವಾಗಿರಲಿ, ಇಲ್ಲದಿದ್ದರೆ ತಟ್ಟುವಾಗ ಒಂದೊಂದು ಕಡ್ಡಿ ಹೊರಗೆ ಚಾಚಿ ಚುಚ್ಚುತ್ತದೆ. ಒಂದು ಕೈಯಲ್ಲಿ ಹಿಡಿ ಬಿಗಿಹಿಡಿದು ಇನ್ನೊಂದು ಕೈಗೆ ತಟ್ಟಿ ನೋಡಿ. ಎಲ್ಲಿ ಕಡ್ಡಿ ತಾಗಿತು, ಅಲ್ಲಿ ಇನ್ನೊಂದು ಎಲೆತುಂಬಿದ ರೆಂಬೆ. ಕಟ್ಟಿದ ಮೇಲೆ ಬುಡವನ್ನು ಒಂದೇ ಮಟ್ಟಕ್ಕೆ ಕತ್ತರಿಸಿ. ಚೂಪು ಉಳಿದರೆ ಅಂಗೈ ಕೆರೆಯುತ್ತದೆ.

ದಾರದಲ್ಲಿ ಕಟ್ಟಿದ್ರೆ ತಪ್ಪಾ? ಬರ್ಚ್ ಕಡ್ಡಿಯಲ್ಲೇ ಕಟ್ಟೋಕೆ ಹೋದ್ರೆ ನನ್ನದು ಮುರಿದೇ ಹೋಗುತ್ತೆ.

ತಪ್ಪೇನಿಲ್ಲ. ಹತ್ತಿ ದಾರ, ಸೆಣಬಿನ ಹುರಿ ಧಾರಾಳವಾಗಿ ಆಗುತ್ತದೆ. ಪ್ಲಾಸ್ಟಿಕ್, ರಬ್ಬರ್ ಬ್ಯಾಂಡ್ ಬೇಡ. ಲೋಹದ ತಂತಿಯಂತೂ ಬೇಡವೇ ಬೇಡ, 80 ಡಿಗ್ರಿಯಲ್ಲಿ ಅದು ಕಾದು ಕೈ ಸುಡುತ್ತದೆ.

ಆದರೆ ಬರ್ಚ್ ಕಡ್ಡಿಯಲ್ಲಿ ಕಟ್ಟುವುದನ್ನು ಒಮ್ಮೆ ಕಲಿತರೆ ದಾರ ಹುಡುಕುವ ಗೋಜೇ ಇಲ್ಲ. ಹೊಸೆದ ಕಡ್ಡಿಗೆ ಇಲ್ಲಿ ವಿತ್ಸಸ್ ಅನ್ನುತ್ತಾರೆ. ನಿಮ್ಮದು ಮುರಿಯುತ್ತಿರುವುದು ಹೊಸೆಯದೆ ಬಗ್ಗಿಸುವುದರಿಂದ. ಮಲೆನಾಡಿನಲ್ಲಿ ಸೌದೆ ಹೊರೆಗೆ ಹಸಿ ಬಳ್ಳಿ ತಿರುಚಿ ಕಟ್ಟುವುದನ್ನು ನೋಡಿದವರಿಗೆ ಇದು ಅರ್ಧ ಗೊತ್ತಿರುವ ಕೆಲಸ.

ಮಾರುದ್ದದ ಹತ್ತಿರ ಇರುವ, ನೇರವಾದ, ಅಡ್ಡ ಕವಲಿಲ್ಲದ ಎಳೆ ಕಡ್ಡಿ ಆರಿಸಿ. ದಪ್ಪ ಬುಡದಲ್ಲಿ ಪೆನ್ಸಿಲಿನಷ್ಟು ಸಾಕು. ಎಲೆ ಬಿಡಿಸಿ. ಬುಡವನ್ನು ಕಾಲಡಿ ಒತ್ತಿ ಹಿಡಿಯಿರಿ. ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಬತ್ತಿ ಹೊಸೆದ ಹಾಗೆ ಒಂದೇ ದಿಕ್ಕಿಗೆ ತಿರುಚಿ. ಮೊದಲು ತುದಿಯ ಹತ್ತು ಬೆರಳು ಉದ್ದ ಮಾತ್ರ. ಒಳಗಿನಿಂದ ಸಣ್ಣಗೆ ಚಟಚಟ ಅನ್ನುತ್ತದೆ. ಗಾಬರಿ ಬೇಡ, ಅದು ನಾರು ಬಿಡುವ ಸದ್ದು. ಮುರಿದರೆ ಟಕ್ ಅಂತ ಒಂದೇ ಸದ್ದು ಬರುತ್ತದೆ, ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆ. ತುದಿ ಮೆತ್ತಗಾದ ಮೇಲೆ ಕೈ ಕೆಳಗೆ ಜಾರಿಸಿ, ಮುಂದಿನ ಹತ್ತು ಬೆರಳು. ಹೀಗೆ ಬುಡದ ಹತ್ತಿರದವರೆಗೆ ಇಳಿಯಿರಿ. ಅವಸರ ಮಾಡಿ ನಡುವಿನಲ್ಲಿ ತಿರುಚಿದರೆ ಅಲ್ಲೇ ಮುರಿಯುತ್ತದೆ. ಪೂರ್ತಿ ಆದ ಕಡ್ಡಿ ಹಗ್ಗದ ಹಾಗೆ ಜೋಲುತ್ತದೆ, ಬೆರಳಿಗೆ ಸುತ್ತಬಹುದು.

ಈಗ ಬುಡದ ತುದಿಯನ್ನು ಚಾಕುವಿನಲ್ಲಿ ಚೂಪು ಮಾಡಿ, ಎಲೆ ಶುರುವಾಗುವ ಜಾಗಕ್ಕೆ ಸ್ವಲ್ಪ ಕೆಳಗೆ, ಕಟ್ಟಿನ ನಡುವೆ ಅಡ್ಡಲಾಗಿ ತೂರಿಸಿ. ಅದು ಮೊಳೆಯ ಹಾಗೆ ಹಿಡಿದುಕೊಳ್ಳುತ್ತದೆ. ಉಳಿದದ್ದನ್ನು ಬಿಗಿಯಾಗಿ ಮೂರು ನಾಲ್ಕು ಸುತ್ತು ಸುತ್ತಿ. ಪ್ರತಿ ಸುತ್ತೂ ಹಿಂದಿನದಕ್ಕೆ ಅಂಟಿಕೊಂಡೇ ಇರಲಿ. ಕೊನೆಯ ತುದಿಯನ್ನು ಸುತ್ತುಗಳ ಅಡಿಯಿಂದ ತೂರಿಸಿ ಎಳೆಯಿರಿ. ಚಾಕುವಿನ ಮೊನೆಯಲ್ಲಿ ಸ್ವಲ್ಪ ಸಂದಿ ಮಾಡಿಕೊಂಡರೆ ಸಲೀಸು. ಹಿಡಿಯ ಕೆಳತುದಿಗೆ ಇನ್ನೊಂದು ಕಟ್ಟು ಹಾಕುವವರು ಹಾಕುತ್ತಾರೆ, ಒಂದೇ ಸಾಕು ಅನ್ನುವವರೂ ಇದ್ದಾರೆ. ನಾನು ಎರಡು ಹಾಕುತ್ತೇನೆ, ನನ್ನ ಬಿಗಿಯ ಮೇಲೆ ನನಗೇ ನಂಬಿಕೆ ಸಾಲದು.

ಕೊಯ್ದು ಒಂದು ದಿನ ಬಿಟ್ಟ ಕಡ್ಡಿ ಹೊಸೆಯಲು ಬಗ್ಗುವುದಿಲ್ಲ. ಹಸಿಯಾಗಿದ್ದಾಗಲೇ ಮಾಡಿ, ತಡವಾದರೆ ನೀರಲ್ಲಿ ಹಾಕಿಡಿ. ನಾನು ಮೊದಲ ವರ್ಷ ಒಂಬತ್ತು ಕಡ್ಡಿ ಮುರಿದೆ. ಅಜ್ಜ ಏನೂ ಅನ್ನದೆ ಹತ್ತನೆಯದನ್ನು ಕೈಗೆ ಕೊಟ್ಟರು.

## ಬಳಸುವುದು

ಸೌನಾ ಒಳಗೆ ಹೋದ ತಕ್ಷಣ ಶುರು ಮಾಡೋದಾ?

ಬೇಡ. ಮೊದಲು ಸ್ನಾನ ಮಾಡಿ ಒಳಗೆ ಹೋಗಿ ಕೂತು ಮೈ ಬೆವರಲಿ. ಒಲೆಯ ಮೇಲಿನ ಕಾದ ಕಲ್ಲಿಗೆ ನೀರು ಹಾಕಿದಾಗ ಏಳುವ ಆವಿಗೆ ಲೋಯ್ಲು ಅನ್ನುತ್ತಾರೆ. ಒಂದೆರಡು ಲೋಯ್ಲು ಆದ ಮೇಲೆ ವಿಹ್ತಾ ಕೈಗೆ ತೆಗೆದುಕೊಳ್ಳಿ. ಹಸಿಯದಾದರೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದರೆ ಸಾಕು. ನೀರು ಕೊಡವಿ, ಆವಿ ಏಳುವಾಗ ಒಂದು ಕ್ಷಣ ಮೇಲೆತ್ತಿ ಹಿಡಿಯಿರಿ. ಎಲೆ ಬೆಚ್ಚಗಾಗುತ್ತದೆ, ವಾಸನೆ ಬಿಡುತ್ತದೆ. ಭುಜದಿಂದ ಶುರುಮಾಡಿ ಬೆನ್ನು, ಸೊಂಟ, ಕಾಲು, ಅಂಗಾಲು. ಬೆನ್ನು ನಮ್ಮ ಕೈಗೆ ಸಿಗುವುದಿಲ್ಲ, ಪಕ್ಕದವರು ತಟ್ಟುತ್ತಾರೆ. ಮನೆಯಲ್ಲಿ ಅಣ್ಣ ತಮ್ಮಂದಿರು ಬೆನ್ನುಜ್ಜಿಕೊಂಡ ಹಾಗೆ. ಕೊನೆಯಲ್ಲಿ ಬಿಸಿ ಎಲೆಗಳನ್ನು ಹಾಗೇ ಬೆನ್ನಿಗೆ ಒತ್ತಿ ಹಿಡಿದರೆ ಅದೇ ಒಂದು ಸುಖ.

ಕಾದ ಕಲ್ಲಿನ ಮೇಲೆ ಎಲೆ ಬೀಳಿಸಬೇಡಿ, ಸುಟ್ಟ ವಾಸನೆ ಬರುತ್ತದೆ. ಒಣ ಕಟ್ಟನ್ನು ಒಲೆಯ ಮೇಲೆ ನೇತುಹಾಕಿದರೆ ಬೆಂಕಿ ಹತ್ತಬಹುದು. ಬಿಪಿ, ಹೃದಯದ ತೊಂದರೆ ಇರುವವರು ಸೌನಾಗೆ ಹೋಗುವ ಮುಂಚೆಯೇ ಡಾಕ್ಟರನ್ನು ಕೇಳಿಕೊಳ್ಳಿ.

ನಮ್ಮ ಅಪಾರ್ಟ್‌ಮೆಂಟಿನ ಸೌನಾದಲ್ಲಿ ಬಳಸಬಹುದಾ?

ಮೊದಲು ಗೋಡೆಯ ಮೇಲಿನ ಚೀಟಿ ಓದಿ. ಬಹಳ ಕಡೆ ವಿಹ್ತಾ ತರಬಾರದು ಅಂತ ಬರೆದಿರುತ್ತಾರೆ. ಕಾರಣ ಒಂದೇ, ಎಲೆ ಹೋಗಿ ಬಚ್ಚಲ ತೂತು ಕಟ್ಟಿಕೊಳ್ಳುತ್ತದೆ.

ಇದು ನನಗೆ ಗೊತ್ತಿರುವುದು ಅನುಭವದಿಂದ. ಎರಡನೇ ಬೇಸಿಗೆ, ಆಗ ಬೇರೆ ಬಿಲ್ಡಿಂಗಿನಲ್ಲಿದ್ದೆವು. ಜೂನ್ ಮೊದಲ ವಾರವೇ ಎಳೆ ಎಲೆ ಕೊಯ್ದು, ಪ್ಲಾಸ್ಟಿಕ್ ದಾರದಲ್ಲಿ ಕಟ್ಟಿ, ಜಂಬದಿಂದ ಹೋದೆ. ಐದನೇ ಸಲ ತಟ್ಟುವಷ್ಟರಲ್ಲಿ ಕೈಯಲ್ಲಿ ಕಡ್ಡಿ ಉಳಿಯಿತು. ಎಲೆಯೆಲ್ಲ ನೆಲದಲ್ಲಿ, ಬೆಂಚಿನಲ್ಲಿ, ನನ್ನ ಬೆನ್ನಲ್ಲಿ. ತೊಳೆಯೋಣ ಅಂತ ನೀರು ಬಿಟ್ಟೆ. ನೀರು ಹೋಗಲಿಲ್ಲ, ಪಾದ ಮುಳುಗಿತು. ಮುಂದಿನ ಸರದಿಯವರು ಟವೆಲ್ ಹೊದ್ದು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ವಾರದೊಳಗೆ ಹೊಸ ಚೀಟಿ ಅಂಟಿತು. ಹೆಸರು ಬರೆದಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಬಿಡುತ್ತಾರೆ ಅಂದರೆ ತೂತಿನ ಮೇಲೆ ಜಾಲರಿ ಇದೆಯಾ ನೋಡಿ, ಮುಗಿದ ಮೇಲೆ ಎಲೆಯನ್ನು ಕೈಯಲ್ಲಿ ಆಯ್ದು ತೆಗೆಯಿರಿ, ಬೆಂಚು ತೊಳೆಯಿರಿ. ಸಾರ್ವಜನಿಕ ಸೌನಾಗಳಲ್ಲಿ ಒಂದೊಂದು ಕಡೆ ಒಂದೊಂದು ರೀತಿ. ತಾಂಪೆರೆಯ ಪಿಸ್ಪಲಾದಲ್ಲಿ 1906ರಿಂದ ನಡೆದು ಬಂದಿರುವ ರಯಪೋರ್ತ್ತಿ ಇದೆ, ದೇಶದಲ್ಲಿ ಈಗಲೂ ನಡೆಯುತ್ತಿರುವ ಸಾರ್ವಜನಿಕ ಸೌನಾಗಳಲ್ಲಿ ಎಲ್ಲಕ್ಕಿಂತ ಹಳೆಯದು. ಅಂಥ ಜಾಗವಾಗಲಿ, ಈಜುಕೊಳದ ಸೌನಾವಾಗಲಿ, ಕೌಂಟರಿನಲ್ಲಿ ಕೇಳಿಯೇ ಒಳಗೆ ಒಯ್ಯಿರಿ. ಪಕ್ಕದಲ್ಲಿ ಕೂತವರಿಗೂ ಒಂದು ಮಾತು ಹೇಳಿ, ನೀರು ಹಾರುತ್ತದೆ.

ನನಗೆ ಬರ್ಚ್ ಪರಾಗದ ಅಲರ್ಜಿ ಇದೆ. ವಿಹ್ತಾ ಬಳಸಿದ್ರೆ ತೊಂದರೆನಾ?

ಬರ್ಚ್ ಹೂ ಬಿಡುವುದು ವಸಂತದಲ್ಲಿ. ಯುಹನ್ನುಸ್ ಹೊತ್ತಿಗೆ ಪರಾಗದ ಕಾಲ ಮುಗಿದಿರುತ್ತದೆ. ಹಾಗಂತ ಎಲ್ಲರಿಗೂ ಸುರಕ್ಷಿತ ಅನ್ನಲಾಗದು, ಎಲೆ ತಾಗಿದರೂ ಕೆಲವರ ಮೈ ತುರಿಸುತ್ತದೆ. ಒಂದು ಒದ್ದೆ ಎಲೆಯನ್ನು ಮುಂಗೈಗೆ ಉಜ್ಜಿ ಸ್ವಲ್ಪ ಹೊತ್ತು ನೋಡಿ. ಅಲರ್ಜಿ ಜೋರಾಗಿದ್ದರೆ ಡಾಕ್ಟರನ್ನು ಕೇಳದೆ ಈ ಪ್ರಯೋಗವೂ ಬೇಡ.

## ಎತ್ತಿಡುವುದು

ಚಳಿಗಾಲಕ್ಕೆ ಇಟ್ಕೋಬೇಕು. ಒಣಗಿಸೋದು ಒಳ್ಳೇದಾ, ಫ್ರೀಜರ್ ಒಳ್ಳೇದಾ?

ಫ್ರೀಜರಿನಲ್ಲಿ ಜಾಗ ಇದ್ದರೆ ಕಣ್ಣು ಮುಚ್ಚಿ ಫ್ರೀಜರ್. ಕಟ್ಟಿದ ದಿನವೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿ ಕಟ್ಟಿ ಇಡಿ. ಜನವರಿಯಲ್ಲಿ ಹೊರಗೆ ಮೈನಸ್ 20 ಇರುವಾಗ ಚೀಲ ಬಿಚ್ಚಿದರೆ ಜೂನ್ ವಾಸನೆ. ಆದರೆ ಗಟ್ಟಿಯಾಗಿರುವಾಗ ಅಲ್ಲಾಡಿಸಬೇಡಿ, ಎಲೆ ಹಪ್ಪಳದ ಹಾಗೆ ಮುರಿಯುತ್ತದೆ. ತಣ್ಣೀರಲ್ಲಿ ಇಟ್ಟು ಕರಗಲು ಬಿಡಿ, ಆಮೇಲೆ ಬೆಚ್ಚಗಿನ ನೀರು.

ಒಣಗಿಸುವುದು ಹಳೆಯ ದಾರಿ. ಎರಡೆರಡನ್ನು ಜೋಡಿ ಕಟ್ಟಿ ಅಟ್ಟದ ಗಳದ ಮೇಲೆ ಜೋತುಹಾಕುತ್ತಿದ್ದರು. ನೆರಳು ಬೇಕು, ಗಾಳಿ ಆಡಬೇಕು. ಬಿಸಿಲಿಗೆ ಹಾಕಿದರೆ ಬಣ್ಣವೂ ಹೋಯಿತು, ವಾಸನೆಯೂ ಹೋಯಿತು. ಒಣಗಿದ ಮೇಲೆ ಹಿಡಿ ಕುಗ್ಗಿ ಕಟ್ಟು ಸಡಿಲವಾಗುತ್ತದೆ. ಅದಕ್ಕೇ ಒಣಗಿಸುವುದನ್ನು ಮೊದಲೇ ಎರಡು ಪಟ್ಟು ಬಿಗಿಯಾಗಿ ಕಟ್ಟಬೇಕು.

ಮೂರನೆಯದು ಉಪ್ಪು. ಕಟ್ಟುಗಳ ಮಧ್ಯೆ ಕಲ್ಲುಪ್ಪು ಉದುರಿಸಿ ಪದರ ಪದರವಾಗಿ ಇಟ್ಟು ಮುಚ್ಚುತ್ತಾರೆ, ಅಪ್ಪೆಮಿಡಿ ಉಪ್ಪಿಗೆ ಹಾಕಿದ ಹಾಗೆ. ತೆಗೆದು ಚೆನ್ನಾಗಿ ತೊಳೆದು ಬಳಸಬೇಕು. ಹೆಚ್ಚು ಮಾಡುವವರಿಗೆ ಸರಿ. ನಾಲ್ಕು ಕಟ್ಟಿಗೆ ಇಷ್ಟು ರಗಳೆ ಯಾಕೆ?

ಒಣಗಿದ್ದನ್ನು ಕುದಿಯೋ ನೀರಲ್ಲಿ ಹಾಕಿದೆ, ಎಲೆ ಎಲ್ಲಾ ಬಿದ್ದೋಯ್ತು. ಏನು ತಪ್ಪಾಯ್ತು?

ಸೊಪ್ಪು ಬೇಯಿಸಿದಿರಿ. ಮೊದಲು ತಣ್ಣೀರಲ್ಲಿ ಧೂಳು ತೊಳೆಯಿರಿ. ಆಮೇಲೆ ಉಗುರುಬೆಚ್ಚಗಿನ ನೀರಲ್ಲಿ ಎಲೆಭಾಗ ಪೂರ್ತಿ ಮುಳುಗುವ ಹಾಗೆ ಇಪ್ಪತ್ತು ಮೂವತ್ತು ನಿಮಿಷ ಬಿಡಿ. ಎಲೆ ಬಟ್ಟೆಯ ಹಾಗೆ ಮೆತ್ತಗಾದರೆ ಆಯಿತು. ಉಳಿದದ್ದನ್ನು ಸೌನಾದ ಆವಿಯೇ ಮಾಡುತ್ತದೆ. ಸರಿಯಾಗಿ ನೆನೆಸಿದರೂ ಉದುರಿತು ಅಂದರೆ ತಪ್ಪು ನೆನೆಸಿದ್ದರಲ್ಲಿ ಇಲ್ಲ, ಕೊಯ್ದ ದಿನದಲ್ಲಿದೆ. ಎಳೆಯದನ್ನು ಕೊಯ್ದಿದ್ದೀರಿ, ಇಲ್ಲ ತೀರಾ ತಡ ಮಾಡಿದ್ದೀರಿ.

## ಸ್ವಲ್ಪ ಆಚೆಯ ಪ್ರಶ್ನೆಗಳು

ಹುಡುಗಿಯರು ವಿಹ್ತಾವನ್ನು ಸೂರಿನ ಮೇಲೆ ಎಸೀತಾರಂತೆ, ಯಾಕೆ?

ಹಳೆಯ ಯುಹನ್ನುಸ್ ನಂಬಿಕೆ. ಸೌನಾ ಮುಗಿಸಿ ಬಂದ ಮದುವೆಯಾಗದ ಹುಡುಗಿ ವಿಹ್ತಾವನ್ನು ಸೌನಾದ ಸೂರಿನ ಮೇಲೆ ಎಸೆಯಬೇಕು. ಹಿಡಿ ಯಾವ ದಿಕ್ಕಿಗೆ ಬೀಳುತ್ತದೋ ಆ ದಿಕ್ಕಿನಿಂದ ಗಂಡು ಬರುತ್ತಾನೆ. ಈಗ ತಮಾಷೆಗೆ ಮಾಡುತ್ತಾರೆ. ನಮ್ಮ ಗುಂಪಿನ ಹುಡುಗಿಯೊಬ್ಬಳು ಹೋದ ವರ್ಷ ಎಸೆದಳು, ಹಿಡಿ ಕೆರೆಯ ಕಡೆ ತೋರಿಸಿತು. "ಮೀನುಗಾರ" ಅಂದರು ಅಜ್ಜ.

ಕರ್ನಾಟಕದಲ್ಲಿ ಬರ್ಚ್ ಇಲ್ಲ. ಇಲ್ಲಿಂದ ತಗೊಂಡು ಹೋಗಬಹುದಾ, ಅಥವಾ ಊರಲ್ಲೇ ಯಾವುದಾದ್ರೂ ಸೊಪ್ಪಲ್ಲಿ ಆಗುತ್ತಾ?

ಸೊಪ್ಪು, ಗಿಡ ಭಾರತಕ್ಕೆ ತರುವುದಕ್ಕೆ ಸಸ್ಯರೋಗ ತಡೆಯುವ ನಿಯಮಗಳಿವೆ. ಒಂದು ಕಟ್ಟಿಗೋಸ್ಕರ ಏರ್‌ಪೋರ್ಟಿನಲ್ಲಿ ತಲೆನೋವು ಯಾಕೆ? ಬರ್ಚ್‌ನ ಬಂಧು ನಮ್ಮಲ್ಲೂ ಇದೆ, ಆದರೆ ಹಿಮಾಲಯದಲ್ಲಿ. ಹಿಂದೆ ಓಲೆ ಬರೆಯಲು ಬಳಸುತ್ತಿದ್ದ ಭೂರ್ಜಪತ್ರ ಅದೇ ಮರದ ತೊಗಟೆ. ಭೂರ್ಜ, ಬರ್ಚ್, ಎರಡು ಪದಗಳೂ ಒಂದೇ ಬೇರಿನವು.

ಬೇವು ಎಲ್ಲರಿಗೂ ಮೊದಲು ಹೊಳೆಯುತ್ತದೆ. ಅದರ ಸಣ್ಣ ಎಲೆ ಬಿಸಿಗೆ ಬೇಗ ಉದುರುತ್ತದೆ. ನನ್ನ ಮತ ಲಕ್ಕಿ ಸೊಪ್ಪಿಗೆ. ಮಲೆನಾಡಿನ ಬೇಲಿಯಲ್ಲಿ ಬೆಳೆಯುತ್ತದೆ, ಬಾಣಂತಿ ಸ್ನಾನದ ನೀರಿಗೆ ಹಾಕುವುದು ಅದನ್ನೇ, ಮೈಕೈ ನೋವಿಗೂ ಅದೇ. ಕಡ್ಡಿ ಬಳುಕುತ್ತದೆ, ವಾಸನೆ ಗಾಢ. ಎಕ್ಕ, ಕಣಗಿಲೆ, ಗೇರು, ಚೇರು ಇವುಗಳ ಹತ್ತಿರ ಹೋಗಬೇಡಿ. ಎಕ್ಕದ ಹಾಲು ಕಣ್ಣಿಗೆ ಕೆಟ್ಟದ್ದು, ಕಣಗಿಲೆ ವಿಷ, ಗೇರು ಚೇರಿನ ಸೊನೆ ಚರ್ಮ ಸುಡುತ್ತದೆ.

ಕಳೆದ ರಜೆಯಲ್ಲಿ ಊರಿನ ಬಚ್ಚಲಲ್ಲಿ ಹಂಡೆ ಕಾಯಿಸಿ, ಬಾಗಿಲು ಹಾಕಿ, ಲಕ್ಕಿ ಕಟ್ಟಿನಲ್ಲಿ ತಟ್ಟಿಕೊಂಡು ನೋಡಿದೆ. ಸೌನಾದ ಬಿಸಿ ಎಲ್ಲಿ ಬರಬೇಕು, ಅದು ಬೇರೆ ಮಾತು. ಹೊರಗೆ ಬಂದಾಗ ಅಮ್ಮ ನೆಲ ನೋಡಿದರು. ನಾಲ್ಕೇ ಎಲೆ ಉದುರಿತ್ತು. "ಕಟ್ಟಿದ್ದು ಯಾರು?" ಅಂದರು.